ನನ್ನ ಹಾವು ಚಕ್ಕುಲಿ ಸತ್ತ ಇಲಿ ಮುಟ್ಟುತ್ತಿಲ್ಲ, ಆರು ವಾರ ಆಯ್ತು. ಯಾರಾದರೂ ದಾರಿ ಹೇಳಿ

ಕಾಳಿದಂಡೆ, ಕಾರವಾರ | ಜುಲೈ 6, ರಾತ್ರಿ 10:42

ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಇದ್ದವನು. ಈಗ ತಲೆ ಕೆಟ್ಟು ಬರೆಯುತ್ತಿದ್ದೇನೆ.

ನನ್ನ ಹತ್ತಿರ ಒಂದು ಬಾಲ್ ಪೈಥಾನ್ ಇದೆ, ಆಫ್ರಿಕಾದ ಚಿಕ್ಕ ಹೆಬ್ಬಾವು. ಗಂಡು, ಹದಿನಾಲ್ಕು ತಿಂಗಳು. ಹೆಸರು ಚಕ್ಕುಲಿ. ಮೊದಲ ದಿನ ಟಬ್ಬಿನ ಮೂಲೆಯಲ್ಲಿ ಸುತ್ತಿಕೊಂಡು ಕೂತಿದ್ದು ನೋಡಿ ತಂಗಿ ಇಟ್ಟ ಹೆಸರು. ಮೇ ಕೊನೆಗೆ ಹುಬ್ಬಳ್ಳಿಯ ಒಬ್ಬರು ದುಬೈಗೆ ಹೊರಟಾಗ ನನಗೆ ಕೊಟ್ಟರು. ಕಾಗದ ಎಲ್ಲ ಸರಿ ಇದೆ, ಆ ಚಿಂತೆ ಬೇಡ. ಕೊಡುವಾಗ ಅವರು ಹೇಳಿದ ಒಂದು ಮಾತನ್ನು ಮಾತ್ರ ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. “ಇದಕ್ಕೆ ಓಡಾಡುವ ಇಲಿ ತಿಂದೇ ರೂಢಿ.”

ಮೊದಲ ವಾರ ಜೀವ ಇರುವ ಬಿಳಿ ಇಲಿ ತಂದು ಬಿಟ್ಟೆ. ಅದು ಹಾವಿನ ಎದುರಿಗೇ ಕೂತು ಎರಡೂ ಕೈಯಲ್ಲಿ ಮುಖ ತೊಳೆದುಕೊಳ್ಳಲು ಶುರು ಮಾಡಿತು. ನನ್ನಿಂದ ಆಗಲಿಲ್ಲ, ಎತ್ತಿ ಹೊರಗೆ ತೆಗೆದೆ. ಈಗ ಅದು ತಂಗಿಯ ಕೋಣೆಯಲ್ಲಿ ಪಂಜರದಲ್ಲಿದೆ. ಹೆಸರು ಉಂಡೆ. ದಿನಾ ಶೇಂಗಾ ತಿನ್ನುತ್ತದೆ. ಹಾವಿಗೆ ಊಟ ತರಲು ಹೋಗಿ, ಊಟ ಹಾಕಬೇಕಾದ ಇನ್ನೊಂದು ಬಾಯಿ ತಂದುಕೊಂಡೆ.

ಆಮೇಲೆ ಗೋವಾದಿಂದ ಬರುವ ಗೆಳೆಯನ ಕೈಲಿ ಐಸ್ ಡಬ್ಬಿಯಲ್ಲಿ ಇಪ್ಪತ್ತು ಇಲಿ ತರಿಸಿದೆ. ಕೊಂದು ಫ್ರೀಜ್ ಮಾಡಿದ್ದು, ಒಂದೊಂದು 45-50 ಗ್ರಾಂ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ ಕರಗಿಸುತ್ತೇನೆ, ಬಿಸಿನೀರಲ್ಲಿ ಅದ್ದುತ್ತೇನೆ, ಇಕ್ಕಳದಲ್ಲಿ ಹಿಡಿದು ಮೂಗಿನ ಮುಂದೆ ಅಲ್ಲಾಡಿಸುತ್ತೇನೆ. ಅದು ತಲೆ ಒಳಗೆ ಎಳೆದುಕೊಂಡು ಚೆಂಡಾಗುತ್ತದೆ. ರಾತ್ರಿಯಿಡೀ ಒಳಗೇ ಬಿಟ್ಟು ನೋಡಿದೆ, ಬೆಳಿಗ್ಗೆ ವಾಸನೆ ಮಾತ್ರ. ದಿನ ಬಿಟ್ಟು ದಿನ ಪ್ರಯತ್ನ ಮಾಡುತ್ತಲೇ ಇದ್ದೇನೆ. ಹನ್ನೊಂದು ಇಲಿ ಹಿತ್ತಲಿನ ತೆಂಗಿನ ಬುಡಕ್ಕೆ ಹೋಯಿತು. ಹಾವಿನ ತೂಕ 480 ಗ್ರಾಂ ಇದ್ದದ್ದು 461 ಆಗಿದೆ.

ಇನ್ನೊಂದು ತೊಂದರೆ. ಈಗ ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟ್ ಬಂದ್, ಮೀನಿಲ್ಲದೆ ಫ್ರೀಜರ್ ಖಾಲಿ, ಅದಕ್ಕೇ ಅಮ್ಮ ಇಲಿ ಇಡಲು ಬಿಟ್ಟಿದ್ದಾರೆ. ಜುಲೈ 31ಕ್ಕೆ ಬಂದ್ ಮುಗಿಯುತ್ತದೆ. “ಬಂಗಡೆ ಒಳಗೆ ಬಂದ ದಿನ ನಿನ್ನ ಇಲಿ ಹೊರಗೆ” ಎಂದು ಈಗಲೇ ಹೇಳಿಬಿಟ್ಟಿದ್ದಾರೆ.

ಬಂಗಡೆಭಕ್ತ, ಅಂಕೋಲಾ | ಜುಲೈ 6, ರಾತ್ರಿ 10:51

ಮೀನು ಇಡುವ ಫ್ರೀಜರಿನಲ್ಲಿ ಇಲಿಯಾ? ಇನ್ನು ಮೇಲೆ ನಿಮ್ಮ ಮನೆಗೆ ಊಟಕ್ಕೆ ಕರೆಯಬೇಡಿ ಮಾರಾಯರೆ.

ಸೀದಾಮಾತು, ಭಟ್ಕಳ | ಜುಲೈ 6, ರಾತ್ರಿ 11:05

ಇದಕ್ಕೆ ಇಷ್ಟು ಉದ್ದ ಬರೆಯಬೇಕಾ? ಕಾಡಿನಲ್ಲಿ ಯಾರು ಹಾವಿಗೆ ಫ್ರೀಜರ್ ಇಟ್ಟಿದ್ದಾರೆ? ಜೀವ ಇರುವ ಇಲಿ ಹಾಕಿ, ಬಾಗಿಲು ಹಾಕಿ, ಹೋಗಿ ಮಲಗಿ. ಬೆಳಿಗ್ಗೆ ಎದ್ದರೆ ಕೆಲಸ ಮುಗಿದಿರುತ್ತದೆ. ಕರುಳು ಮೆತ್ತಗಿದ್ದರೆ ಆಮೆ ಸಾಕಬೇಕಿತ್ತು.

ಹಳೇಬಂದರು, ಹೊನ್ನಾವರ | ಜುಲೈ 6, ರಾತ್ರಿ 11:30

ಸೀದಾಮಾತು ಅವರೆ, ನೀವು ಹೇಳಿದ ಹಾಗೇ ಬಾಗಿಲು ಹಾಕಿ ಮಲಗಿದವಳು ನಾನು. ನನ್ನ ಮೊದಲ ಹಾವು, ಹೆಣ್ಣು, ಒಂದೂವರೆ ಕಿಲೋ. ಪೊರೆ ಬಿಡುವ ಹೊತ್ತು, ಕಣ್ಣು ಮಂಜಾಗಿತ್ತು, ಹಸಿವಿರಲಿಲ್ಲ. ನನಗೆ ಅದು ಗೊತ್ತಾಗಲಿಲ್ಲ. ದೊಡ್ಡ ಇಲಿ ಬಿಟ್ಟು ಮಲಗಿದೆ. ಹಾವು ತಿನ್ನಲಿಲ್ಲ, ಇಲಿಗೆ ಹಸಿವಾಯಿತು. ಬೆಳಿಗ್ಗೆ ನೋಡಿದರೆ ಬೆನ್ನ ಮೇಲೆ ಮೂರು ಕಡೆ ಚರ್ಮ ಇಲ್ಲ, ಒಂದು ಕಡೆ ಬಿಳಿ ಎಲುಬು ಕಾಣುತ್ತಿತ್ತು. ಅಷ್ಟು ದೊಡ್ಡ ಹಾವು, ಒಂದು ಸಲ ತಿರುಗಿ ಕಚ್ಚಿರಲಿಲ್ಲ. ಗಾಯ ಮಾಯಲು ಐದು ತಿಂಗಳು ಬೇಕಾಯಿತು. ಇವತ್ತಿಗೂ ಅಲ್ಲಿ ಹುರುಪೆ ಸರಿಯಾಗಿ ಬಂದಿಲ್ಲ.

ಕಾಡಿನಲ್ಲಿ ಇಲಿಗೆ ಓಡಲು ಜಾಗ ಇದೆ, ಹಾವಿಗೂ ಇದೆ. ಟಬ್ಬಿನಲ್ಲಿ ಇಬ್ಬರಿಗೂ ಇಲ್ಲ. ಅಷ್ಟೇ ವ್ಯತ್ಯಾಸ.

ಕಾಳಿದಂಡೆ, ನಿನಗೆ ನಾಲ್ಕು ಪ್ರಶ್ನೆ. ಬಿಸಿ ತುದಿಯ ಉಷ್ಣತೆ ಎಷ್ಟು? ತಂಪು ತುದಿ ಎಷ್ಟು? ಅಡಗಲು ಎಷ್ಟು ಗೂಡು ಇಟ್ಟಿದ್ದೀಯ? ದಿನಕ್ಕೆ ಎಷ್ಟು ಸಲ ಕೈಗೆ ತೆಗೆದುಕೊಳ್ಳುತ್ತೀಯ? ಅಂದಾಜು ಬೇಡ, ಅಂಕಿ ಬೇಕು.

ಕಾಳಿದಂಡೆ, ಕಾರವಾರ | ಜುಲೈ 6, ರಾತ್ರಿ 11:48

ಅಕ್ಕ, ಟಬ್ಬು ಬಿಸಿ ಮಾಡುವ ಹೀಟ್ ಮ್ಯಾಟ್‌ಗೆ ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇದೆ, 32 ಡಿಗ್ರಿಗೆ ಇಟ್ಟಿದ್ದೇನೆ. ಕೈ ಇಟ್ಟರೆ ಬೆಚ್ಚಗೆ ಇದೆ. ಗೂಡು ಒಂದು, ತೆಂಗಿನ ಚಿಪ್ಪು ಕತ್ತರಿಸಿ ನಾನೇ ಮಾಡಿದ್ದು. ಕೈಗೆ ತೆಗೆದುಕೊಳ್ಳುವುದು ದಿನಾ ಸಂಜೆ, ಗೆಳೆಯರು ಬಂದರೆ ಎರಡು ಮೂರು ಸಲ.

ತೋಟದಮನೆ, ಶಿರಸಿ | ಜುಲೈ 7, ಬೆಳಿಗ್ಗೆ 6:20

ಹದಿನಾಲ್ಕು ತಿಂಗಳ ಹಾವು ತೆಂಗಿನ ಚಿಪ್ಪಿನೊಳಗೆ ಹಿಡಿಯುತ್ತದಾ? ಅರ್ಧ ಮೈ ಹೊರಗೇ ಇರಬೇಕಲ್ಲ.

ನನ್ನ ಕಥೆ ಕೇಳಿ. ನಮ್ಮದು ಬೆಳ್ಳುಳ್ಳಿಯೂ ಒಳಗೆ ಬಾರದ ಮನೆ. ಆಯಿಗೆ ನಾನು ಹಾವು ಸಾಕಿದ್ದು ಗೊತ್ತು, ಅದು ಏನು ತಿನ್ನುತ್ತದೆ ಎಂದು ಇವತ್ತಿಗೂ ಕೇಳಿಲ್ಲ. ಕೇಳುವುದೂ ಇಲ್ಲ, ಉತ್ತರ ಬೇಡ ಅವರಿಗೆ. ಅಡಿಕೆ ಅಟ್ಟದ ಕೆಳಗೆ ಒಂದು ಹಳೇ ಚಿಕ್ಕ ಫ್ರಿಜ್ಜು ಇಟ್ಟಿದ್ದೇನೆ, ಅದಕ್ಕೆ ಬೀಗ. ಮನೆಯವರೆಲ್ಲ ಅದನ್ನು “ಅಪ್ಪಿಯ ಬ್ಯಾಂಕು” ಎನ್ನುತ್ತಾರೆ.

ನಂದೂ ಮೊದಲು ಫ್ರೀಜರ್ ಇಲಿ ಮುಟ್ಟುತ್ತಿರಲಿಲ್ಲ. ಆಮೇಲೆ ಗೊತ್ತಾಗಿದ್ದು, ನಾನು ಇಲಿಯನ್ನು ಸೀದಾ ನೀರಿಗೆ ಹಾಕುತ್ತಿದ್ದೆ. ತೊಳೆದ ಇಲಿಗೆ ಇಲಿಯ ವಾಸನೆ ಎಲ್ಲಿರುತ್ತದೆ? ಒದ್ದೆ ಕೂದಲು ಬೇಗ ತಣ್ಣಗೂ ಆಗುತ್ತದೆ. ಈಗ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಬಚ್ಚಲ ಹಂಡೆಯ ನೀರನ್ನು ಬಕೆಟ್ಟಿಗೆ ಬಗ್ಗಿಸಿಕೊಂಡು ಅದರಲ್ಲಿ ಮುಳುಗಿಸುತ್ತೇನೆ. ಕೊನೆಗೆ ತಲೆ ಭಾಗಕ್ಕೆ ಮಾತ್ರ ಅಕ್ಕನ ಹೇರ್ ಡ್ರೈಯರ್. ಕೋಣೆಯ ದೀಪ ಆರಿಸಿ ಕೊಟ್ಟರೆ ಎರಡು ಸೆಕೆಂಡು, ಮುಗಿಯಿತು.

ಅಕ್ಕನಿಗೆ ಡ್ರೈಯರ್ ವಿಷಯ ಗೊತ್ತಿಲ್ಲ. ಇಲ್ಲಿ ಯಾರೂ ಹೇಳಬೇಡಿ.

ಬಂಗಡೆಭಕ್ತ, ಅಂಕೋಲಾ | ಜುಲೈ 7, ಬೆಳಿಗ್ಗೆ 7:02

ಶಿರಸಿ ಕಡೆ ಮದುವೆ ಊಟಕ್ಕೂ ಇನ್ನು ಯೋಚನೆ ಮಾಡಬೇಕು.

ಹಾಡಿಮನೆ, ಕುಮಟಾ | ಜುಲೈ 7, ಬೆಳಿಗ್ಗೆ 8:15

ತೋಟದಮನೆ ಹೇಳಿದ್ದು ಸರಿ, ಕಾರಣ ಸೇರಿಸುತ್ತೇನೆ. ಬಾಲ್ ಪೈಥಾನಿನ ಮೇಲ್ದುಟಿಯ ಅಂಚಿನಲ್ಲಿ ಸಣ್ಣ ಸಣ್ಣ ಗುಳಿ ಸಾಲಾಗಿ ಇರುತ್ತವೆ, ಹತ್ತಿರದಿಂದ ನೋಡಿ. ಅವು ಬಿಸಿ ಗುರುತಿಸುವ ಗುಳಿ. ಕತ್ತಲಲ್ಲಿ ಅದು ಇಲಿಯನ್ನು ಕಾಣುವುದು ಅರ್ಧ ಹಾಗೆಯೇ. ಇಲಿಯ ಮೈ 38-40 ಡಿಗ್ರಿ ಇದ್ದು, ಸುತ್ತ ಗಾಳಿ 27 ಇದ್ದರೆ ಅದಕ್ಕೆ ದೀಪ ಹಚ್ಚಿ ತೋರಿಸಿದ ಹಾಗೆ. ಎರಡೂ 28 ಇದ್ದರೆ ಅಲ್ಲಿ ಏನೂ ಇಲ್ಲ, ಒಂದು ಕಲ್ಲು ಅಲ್ಲಾಡುತ್ತಿದೆ ಅಷ್ಟೆ.

ನನ್ನದು ಕಾರ್ನ್ ಸ್ನೇಕ್, ಅದಕ್ಕೆ ಆ ಗುಳಿ ಇಲ್ಲ, ವಾಸನೆಯೇ ಜಾಸ್ತಿ. ಇವೆರಡಕ್ಕೂ ಒಂದೇ ಮಂತ್ರ ನಡೆಯುವುದಿಲ್ಲ.

ಮೈಕ್ರೋವೇವ್ ಮಾತ್ರ ಬೇಡ. ನಾನು ಮಾಡಿ ನೋಡಿದ್ದೇನೆ. ಢಬ್ ಎಂದಿತು. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ, ಬೆಳಗಿನ ತಿಂಡಿ ಹೊತ್ತು.

ಗದ್ದೆಬದಿ, ಹೊನ್ನಾವರ | ಜುಲೈ 7, ಬೆಳಿಗ್ಗೆ 9:40

ಇಷ್ಟು ದುಡ್ಡು ಕೊಟ್ಟು ಗೋವಾದಿಂದ ಇಲಿ ತರುವುದು ಎಂಥ ಕರ್ಮ. ನಮ್ಮ ತೋಟಕ್ಕೆ ಬನ್ನಿ, ಬೋನಿಟ್ಟರೆ ರಾತ್ರಿಗೆ ನಾಲ್ಕು. ತೆಂಗಿನ ಎಳನೀರು ಕುಡಿದು ಬೆಳೆದ ಇಲಿ, ನಿಮ್ಮ ಬಿಳಿ ಇಲಿಗಿಂತ ರುಚಿ ಇರಬೇಕು.

ಹಳೇಬಂದರು, ಹೊನ್ನಾವರ | ಜುಲೈ 7, ಬೆಳಿಗ್ಗೆ 10:05

ಬೇಡವೇ ಬೇಡ. ಪಕ್ಕದ ತೋಟದವರು ಪಾಷಾಣ ಇಟ್ಟಿರುತ್ತಾರೆ. ಅದನ್ನು ತಿಂದ ಇಲಿ ಎರಡು ಮೂರು ದಿನ ಓಡಾಡಿಕೊಂಡೇ ಇರಬಹುದು. ಅದನ್ನು ತಿಂದ ಹಾವಿಗೂ ವಿಷ ಏರುತ್ತದೆ. ಹಾವು ಬಿಡಿ, ಈ ಮಳೆಗಾಲದಲ್ಲಿ ತೋಟದ ಇಲಿ ಕೈಲಿ ಹಿಡಿಯುವುದು ಎಂದರೆ ಇಲಿ ಜ್ವರ ಮನೆಗೆ ಕರೆದ ಹಾಗೆ. ಇಲಿಯ ಉಚ್ಚೆ ಕೈ ಮೇಲಿನ ಚಿಕ್ಕ ಗಾಯಕ್ಕೆ ತಾಗಿದರೂ ಸಾಕು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಗದ್ದೆಬದಿ, ಹೊನ್ನಾವರ | ಜುಲೈ 7, ಬೆಳಿಗ್ಗೆ 10:12

ತಮಾಷೆಗೆ ಹೇಳಿದ್ದು ಅಕ್ಕ. ಪಾಷಾಣ ಇಡುವವನು ನಾನೇ.

ಅಘನಾಶಿನಿ88, ಸಿದ್ದಾಪುರ | ಜುಲೈ 7, ಮಧ್ಯಾಹ್ನ 1:30

ಆಫ್ರಿಕಾದ ಹಾವು ತಂದು ಒದ್ದಾಡುವ ಬದಲು ನಮ್ಮದೇ ಹೆಬ್ಬಾವಿನ ಮರಿ ಸಾಕಬಹುದಲ್ವಾ? ನಮ್ಮ ಹುಲ್ಲಿನ ಬೇಣದಲ್ಲೇ ಪ್ರತಿ ವರ್ಷ ಕಾಣುತ್ತವೆ. ಇಲ್ಲಿನ ಹವೆಗೆ ಹೊಂದಿಕೊಂಡವು. ಊಟಕ್ಕೆ ಹಟ ಮಾಡಲಿಕ್ಕಿಲ್ಲ.

ಹಾಡಿಮನೆ, ಕುಮಟಾ | ಜುಲೈ 7, ಮಧ್ಯಾಹ್ನ 1:44

ಹಟ ಹಾವು ಮಾಡುವುದಿಲ್ಲ, ಅರಣ್ಯ ಇಲಾಖೆ ಮಾಡುತ್ತದೆ. ನಮ್ಮ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ. ಹುಲಿ ಇರುವ ಪಟ್ಟಿ ಅದು. ಹಿಡಿದು ಸಾಕಿದರೆ 3ರಿಂದ 7 ವರ್ಷ ಜೈಲು. ಬೇಣದಲ್ಲಿ ಕಂಡರೆ ಕೈ ಮುಗಿದು ದಾರಿ ಬಿಡಿ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಘಾನಾ, ಟೋಗೊ, ಬೆನಿನ್ ಕಡೆಯಿಂದ ಜಗತ್ತಿಗೆಲ್ಲ ಹೋಗಿದೆ. ಅದನ್ನು ಇಟ್ಟುಕೊಳ್ಳಬಹುದು, ಆದರೆ ನೋಂದಣಿ ಬೇಕು. 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ಹಾಕಬೇಕು. ಕೈ ಬದಲಾದರೂ ಹೇಳಬೇಕು, ಮರಿ ಆದರೂ, ಸತ್ತರೂ. ಕಾಳಿದಂಡೆ, ಹುಬ್ಬಳ್ಳಿಯವರ ಹೆಸರಿನಿಂದ ನಿಮ್ಮ ಹೆಸರಿಗೆ ಆಗಿದೆಯಾ ನೋಡಿಕೊಳ್ಳಿ. “ಕಾಗದ ಎಲ್ಲ ಸರಿ ಇದೆ” ಎನ್ನುವವರನ್ನು ಕಂಡರೆ ನನಗೆ ಅನುಮಾನವೇ ಜಾಸ್ತಿ.

ಕಾಳಿದಂಡೆ, ಕಾರವಾರ | ಜುಲೈ 7, ಮಧ್ಯಾಹ್ನ 2:10

ಆಗಿದೆ, ಜೂನ್‌ನಲ್ಲೇ ಆಗಿದೆ. ಈಗ ಮತ್ತೊಮ್ಮೆ ತೆಗೆದು ನೋಡಿದೆ, ನಿಮ್ಮ ಮಾತು ಕೇಳಿ ಎದೆ ಢವಢವ ಎಂದಿತು.

ಪುಟ್ಟಗೌರಿ, ಯಲ್ಲಾಪುರ | ಜುಲೈ 7, ಸಂಜೆ 5:25

ನಾಗರಪಂಚಮಿ ಹತ್ತಿರ ಬಂತು. ಅಲ್ಲಿಯವರೆಗೆ ಸ್ವಲ್ಪ ಹಾಲು ಕೊಟ್ಟು ನೋಡಿ. ನನ್ನ ಅಜ್ಜಿ ಹೇಳುತ್ತಿದ್ದರು.

ತೋಟದಮನೆ, ಶಿರಸಿ | ಜುಲೈ 7, ಸಂಜೆ 5:40

ಅಕ್ಕೋರೆ, ಹಾಲು ಕಲ್ಲಿನ ನಾಗನಿಗೆ. ಜೀವ ಇರುವ ಹಾವಿಗೆ ಹಾಲು ಅರಗುವುದಿಲ್ಲ. ಬಾಯಾರಿ ಸಾಯುವ ಹಾಗಿದ್ದರೆ ಏನು ಕೊಟ್ಟರೂ ಕುಡಿಯುತ್ತದೆ, ಅದನ್ನು ನೋಡಿ ಕಟ್ಟಿದ ಕಥೆ. ನೀರು ಸಾಕು.

ಸೀದಾಮಾತು, ಭಟ್ಕಳ | ಜುಲೈ 7, ರಾತ್ರಿ 8:50

ಇಲಿ ಕಚ್ಚಿದ ವಿಷಯ ಒಪ್ಪುತ್ತೇನೆ. ಹಾಗಾದರೆ ಬಾಯಿ ಬಿಡಿಸಿ ತುರುಕಿ. ಒಂದು ಸಲ ಹೊಟ್ಟೆಗೆ ಹೋದರೆ ರುಚಿ ಗೊತ್ತಾಗುತ್ತದೆ.

ಹಳೇಬಂದರು, ಹೊನ್ನಾವರ | ಜುಲೈ 7, ರಾತ್ರಿ 9:15

ಅಯ್ಯೋ ದೇವರೆ. 480ರಲ್ಲಿ 19 ಗ್ರಾಂ ಹೋಗಿದೆ, ನೂರಕ್ಕೆ ನಾಲ್ಕು. ಅದರಲ್ಲಿ ಒಂದು ಸಲದ ಹೇಲೂ ಸೇರಿರಬಹುದು. ಇಷ್ಟಕ್ಕೆ ಯಾರಾದರೂ ಬಾಯಿಗೆ ತುರುಕುತ್ತಾರಾ? ದೊಡ್ಡ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಕೂರುತ್ತದೆ, ಗಂಡಂತೂ ಬೆದೆಯ ಕಾಲದಲ್ಲಿ ಊಟದ ಕಡೆ ತಿರುಗಿಯೂ ನೋಡುವುದಿಲ್ಲ. ನೂರಕ್ಕೆ ಹತ್ತು ತೂಕ ಇಳಿದರೆ, ಬಾಯಲ್ಲಿ ಲೋಳೆ ನೊರೆ ಕಂಡರೆ, ಬಾಯಿ ತೆರೆದು ಉಸಿರಾಡಿದರೆ ಡಾಕ್ಟರು. ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕು. ಬಲವಂತ ಮಾಡಿದರೆ ಹಾವಿಗೆ ಒಂದೇ ಪಾಠ ಆಗುವುದು: ಇಕ್ಕಳ ಬಂದರೆ ನೋವು.

ಕಾಳಿದಂಡೆ, ನೀನು ದಿನ ಬಿಟ್ಟು ದಿನ ಕೊಡುತ್ತಾ ಇದೇ ಪಾಠ ಹೇಳಿಕೊಟ್ಟಿದ್ದೀಯ, ಬೇರೆ ರೀತಿಯಲ್ಲಿ. ಹೊಸ ಮನೆ, ಹೊಸ ವಾಸನೆ, ದಿನಾ ನಾಲ್ಕು ಜನರ ಕೈ, ತಲೆ ಮಾತ್ರ ಹಿಡಿಯುವ ಗೂಡು, ಮೇಲಿಂದ ಮೂಗಿಗೆ ಬಡಿಯುವ ಒದ್ದೆ ಇಲಿ. ನಾನಾದರೂ ಚೆಂಡಾಗುತ್ತಿದ್ದೆ.

ನಾಳೆ ಒಂದು ಡಿಜಿಟಲ್ ಥರ್ಮಾಮೀಟರ್ ತಾ, ತಂತಿ ಇರುವುದು. ಥರ್ಮೋಸ್ಟಾಟ್ ತೋರಿಸುವ ಅಂಕಿ ನನಗೆ ಬೇಡ. ಹಾವು ಮಲಗುವ ಜಾಗದ ಅಂಕಿ ಬೇಕು.

ಕಾಳಿದಂಡೆ, ಕಾರವಾರ | ಜುಲೈ 8, ರಾತ್ರಿ 9:30

ಅಕ್ಕ, ಉಗಿಯಬೇಡಿ.

ಗೂಡಿನೊಳಗೆ 27.4. ತಂಪು ತುದಿ 26.1. ಥರ್ಮೋಸ್ಟಾಟ್ ಮಾತ್ರ 32 ಎಂದು ಹಸಿರು ದೀಪ ಹೊತ್ತಿಸಿಕೊಂಡು ಕೂತಿದೆ. ಅದರ ತಂತಿಯ ತುದಿ ಟಬ್ಬಿನ ಹೊರಗೆ, ಮ್ಯಾಟ್‌ಗೆ ಅಂಟಿಸಿದೆ. ಒಳಗೆ ನಾನು ಎರಡು ಇಂಚು ತೆಂಗಿನ ನಾರಿನ ಪುಡಿ ಹಾಸಿದ್ದೇನೆ, ಮೆತ್ತಗೆ ಇರಲಿ ಎಂದು. ಮಳೆ ಹವೆಗೆ ಅದು ಒದ್ದೆಯೂ ಆಗಿದೆ. ಗಾಳಿಯ ತೇವ ತೋರಿಸುವುದು ನೂರಕ್ಕೆ 88. ಆರು ವಾರದಿಂದ ಪಾಪದ್ದು ಒದ್ದೆ ಗೋಣಿ ಮೇಲೆ ಮಲಗಿದ ಹಾಗೆ ಮಲಗಿದೆ, ನಾನು ಇಲಿಯನ್ನು ಬೈಯುತ್ತಿದ್ದೆ.

ಹಾಡಿಮನೆ, ಕುಮಟಾ | ಜುಲೈ 8, ರಾತ್ರಿ 9:41

ಸಿಕ್ಕಿತು ಕಳ್ಳ.

ಹಳೇಬಂದರು, ಹೊನ್ನಾವರ | ಜುಲೈ 8, ರಾತ್ರಿ 10:00

ಉಗಿಯುವುದಿಲ್ಲ, ನಾನೂ ಮಾಡಿದ್ದೇ. 27 ಡಿಗ್ರಿಯಲ್ಲಿ ಅದಕ್ಕೆ ತಿಂದದ್ದು ಸರಿಯಾಗಿ ಅರಗುವುದಿಲ್ಲ. ಅರಗುವುದಿಲ್ಲ ಎಂದು ಅದಕ್ಕೇ ಗೊತ್ತಿರುತ್ತದೆ, ಹಾಗಾಗಿ ತಿನ್ನುವುದಿಲ್ಲ. ತಿಂದಿದ್ದರೆ ವಾಂತಿ ಮಾಡಿ ಇನ್ನೂ ಹಾಳಾಗಬಹುದಿತ್ತು. ನಿನಗಿಂತ ಅದೇ ಜಾಣ.

ಹಾಸು ಪೂರ್ತಿ ತೆಗೆ. ಬಿಸಿ ತುದಿಯಲ್ಲಿ ಸುಮ್ನೆ ಎರಡು ಮಡಿಕೆ ಕಾಗದ ಹಾಕು. ತಂತಿಯ ತುದಿಯನ್ನು ಒಳಗೆ, ಗೂಡಿನ ನೆಲಕ್ಕೆ, ಅಲುಗದ ಹಾಗೆ ಕಟ್ಟು. ಟೇಪು ಒಳಗೆ ಬೇಡ, ಹಾವಿನ ಮೈಗೆ ಅಂಟಿದರೆ ಚರ್ಮ ಕಿತ್ತು ಬರುತ್ತದೆ. ಬಿಸಿ ನೆಲ 31-32, ತಂಪು ತುದಿ 25-26. ಎರಡು ಗೂಡು, ಎರಡೂ ತುದಿಗೆ ಒಂದೊಂದು, ಸುತ್ತಿಕೊಂಡರೆ ಮೈ ಮೂರು ಕಡೆಯೂ ತಾಗುವಷ್ಟು ಇಕ್ಕಟ್ಟಾಗಿರಲಿ. ದೊಡ್ಡ ಮನೆ ಅದಕ್ಕೆ ಬೇಡ, ಸಂದಿ ಬೇಕು. ತೇವ 60-65ಕ್ಕೆ ಇಳಿಯಲಿ, ಗಾಳಿ ತೂತು ಇನ್ನಷ್ಟು ಕೊರೆ. ಈ ಮಳೆಯಲ್ಲಿ 88 ಇಟ್ಟರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ.

ಆಮೇಲೆ ಹತ್ತು ದಿನ ಮುಟ್ಟಬೇಡ. ಇಲಿ ತೋರಿಸಬೇಡ. ಗೆಳೆಯರಿಗೆ ಹಾವು ಊರಿಗೆ ಹೋಗಿದೆ ಎನ್ನು.

ಕಾಳಿದಂಡೆ, ಕಾರವಾರ | ಜುಲೈ 8, ರಾತ್ರಿ 10:20

ಕರೆಂಟ್ ಹೋದರೆ? ಇಲ್ಲಿ ಗಾಳಿ ಮಳೆಗೆ ದಿನಕ್ಕೆ ನಾಲ್ಕು ಸಲ ಹೋಗುತ್ತಿದೆ. ನಿನ್ನೆ ರಾತ್ರಿ ಹೋದದ್ದು ಬೆಳಿಗ್ಗೆ ಬಂತು.

ತೋಟದಮನೆ, ಶಿರಸಿ | ಜುಲೈ 8, ರಾತ್ರಿ 10:33

ನಾಲ್ಕು ಸಲ ಎಂದರೆ ನೀವು ಪೇಟೆಯಲ್ಲಿದ್ದೀರಿ. ನಮ್ಮಲ್ಲಿ ಮರ ಬಿದ್ದರೆ ಮೂರು ದಿನ. ಬಾಟಲಿಗೆ ಬಿಸಿನೀರು ತುಂಬಿ, ಹಳೇ ಪಂಚೆ ಸುತ್ತಿ ಗೂಡಿನ ಪಕ್ಕ ಇಡಿ, ಟಬ್ಬಿನ ಮೇಲೆ ಕಂಬಳಿ, ಗಾಳಿ ತೂತು ಬಿಟ್ಟು. ಕರಾವಳಿಯಲ್ಲಿ ಒಂದು ರಾತ್ರಿಗೆ ಏನೂ ಆಗುವುದಿಲ್ಲ. ಫ್ರೀಜರ್ ಕಡೆ ನೋಡಿಕೊಳ್ಳಿ. ಒಮ್ಮೆ ಕರಗಿದ ಇಲಿ ಮತ್ತೆ ಗಟ್ಟಿ ಮಾಡಬೇಡಿ, ಬಿಸಾಡಿ.

ಅಮ್ಮನ ಫ್ರೀಜರಿನಿಂದ ಅದನ್ನು ಹೊರಗೆ ತೆಗೆಯಿರಿ ಎನ್ನುವುದು ನನ್ನದೂ ಮಾತು. ಇಲಿಯಲ್ಲೂ ಹಾವಿನಲ್ಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಇಕ್ಕಳ, ಬೋಗುಣಿ ಬೇರೆ ಇರಲಿ, ಕೈ ಸೋಪು ಹಾಕಿ ತೊಳೆಯಿರಿ. ನನ್ನ ಹತ್ತಿರ ಇನ್ನೊಂದು ಚಿಕ್ಕ ಫ್ರಿಜ್ಜು ಇದೆ, ಬಾಗಿಲಿನ ರಬ್ಬರ್ ಸ್ವಲ್ಪ ಹೋಗಿದೆ, ಐಸ್ ಚೆನ್ನಾಗಿ ಕಟ್ಟುತ್ತದೆ. ಬಂದರೆ ಒಯ್ಯಬಹುದು.

ಬಂಗಡೆಭಕ್ತ, ಅಂಕೋಲಾ | ಜುಲೈ 8, ರಾತ್ರಿ 10:40

ಜುಲೈನಲ್ಲಿ ದೇವಿಮನೆ ಘಟ್ಟ ಹತ್ತಿ ಫ್ರಿಜ್ಜು ತರುವುದಾ? ಮಣ್ಣು ಕುಸಿದರೆ ಫ್ರಿಜ್ಜಿನ ಜೊತೆ ಇವರೂ ಕೆಳಗೆ.

ಗದ್ದೆಬದಿ, ಹೊನ್ನಾವರ | ಜುಲೈ 8, ರಾತ್ರಿ 10:52

ಆ ರಸ್ತೆಯ ಸುದ್ದಿ ತೆಗೆಯಬೇಡಿ. ಶುರು ಮಾಡಿದರೆ ಹಾವಿನ ವಿಷಯ ಮುಗಿದ ಹಾಗೆಯೇ.

(ಇಲ್ಲಿ ರಸ್ತೆ, ಗುತ್ತಿಗೆ, ಘಟ್ಟದ ಬಗ್ಗೆ ಬಂದ 23 ಉತ್ತರಗಳನ್ನು ಬೇರೆ ಎಳೆಗೆ ಸಾಗಿಸಲಾಗಿದೆ. ದಯವಿಟ್ಟು ಹಾವಿನ ಬಗ್ಗೆ ಮಾತಾಡಿ. – ನಿರ್ವಾಹಕ)

ಕಾಳಿದಂಡೆ, ಕಾರವಾರ | ಜುಲೈ 18, ರಾತ್ರಿ 11:15

ಹತ್ತು ದಿನ ಮುಟ್ಟಲಿಲ್ಲ. ಎಷ್ಟು ಕಷ್ಟ ಎಂದು ಗೊತ್ತಾಯಿತು, ನನಗೆ, ಹಾವಿಗಲ್ಲ. ಗೂಡು 31.6, ತಂಪು 26, ತೇವ 64. ಎರಡು ಮಣ್ಣಿನ ಕುಂಡ ಬೋರಲು ಹಾಕಿ, ಬಾಯಿ ಕೊರೆದು ಗೂಡು ಮಾಡಿದೆ. ಮೊನ್ನೆಯಿಂದ ರಾತ್ರಿ ಹೊರಗೆ ಬಂದು ಓಡಾಡುತ್ತಿದೆ. ಮೊದಲು ಒಂದು ದಿನವೂ ಹಾಗೆ ಮಾಡಿರಲಿಲ್ಲ.

ಇವತ್ತು ಚೀಲದಲ್ಲಿ ಬೆಚ್ಚಗೆ ಮಾಡಿ, ದೀಪ ಆರಿಸಿ ಕೊಟ್ಟೆ. ಚೆಂಡಾಗಲಿಲ್ಲ! ತಲೆ ಹೊರಗೆ ಹಾಕಿ, ನಾಲಿಗೆ ಚಾಚಿ ಚಾಚಿ ಐದು ನಿಮಿಷ ನೋಡಿತು. ಆಮೇಲೆ ಮೆಲ್ಲ ಒಳಗೆ ಹೋಯಿತು. ತೂಕ 457.

ಹಳೇಬಂದರು, ಹೊನ್ನಾವರ | ಜುಲೈ 18, ರಾತ್ರಿ 11:24

ಅರ್ಧ ಗೆದ್ದೆ. ಇನ್ನು ಎಂಟು ದಿನ ಸುಮ್ನಿರು.

ಇಲಿ ದೊಡ್ಡದಾಯಿತು. ಉಪವಾಸ ಬಿಡಿಸುವಾಗ ಚಿಕ್ಕದು ಕೊಡಬೇಕು, 30 ಗ್ರಾಂ ಸಾಕು. ನನ್ನ ಹತ್ತಿರ ನಾಲ್ಕು ಇವೆ, ಶನಿವಾರ ಕಾರವಾರಕ್ಕೆ ಬರುವವರ ಹತ್ತಿರ ಕಳಿಸುತ್ತೇನೆ. ಮೂಗಿನ ನೇರ ಹಿಡಿಯಬೇಡ. ಬದಿಯಿಂದ, ನೆಲಕ್ಕೆ ತಾಗಿಸಿಕೊಂಡು, ಇಲಿ ತನ್ನಷ್ಟಕ್ಕೆ ಹೋಗುತ್ತಿರುವ ಹಾಗೆ ಎಳೆ. ಒಂದು ಗೇಣು ದೂರ. ಯಾವ ಇಲಿಯಾದರೂ ಹಾವಿನ ಬಾಯಿಗೆ ತಾನೇ ಬಂದು ಬಡಿಯುತ್ತದಾ?

ಹಾಡಿಮನೆ, ಕುಮಟಾ | ಜುಲೈ 19, ಬೆಳಿಗ್ಗೆ 7:50

ಉಂಡೆ ಇದೆಯಲ್ಲ ಮನೆಯಲ್ಲಿ. ಅದರ ಪಂಜರದ ಹಾಸಿನ ಹೊಟ್ಟು ಒಂದು ಹಿಡಿ ತಂದು, ಫ್ರೀಜರ್ ಇಲಿಯ ಜೊತೆ ಚೀಲದಲ್ಲಿ ಹಾಕಿ ಬೆಚ್ಚಗೆ ಮಾಡಿ. ಓಡಾಡುವ ಇಲಿಯ ವಾಸನೆ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ತಲೆಬುರುಡೆಗೆ ದಬ್ಬಣದಿಂದ ಒಂದು ತೂತು, ಒಳಗಿನದು ಸ್ವಲ್ಪ ಮೂಗಿಗೆ ಸವರುವುದು. ಹೇಸಿಗೆ ಹೌದು, ಕೆಲಸ ಮಾಡುತ್ತದೆ. ಮಸಾಲೆ ಉಪ್ಪು ಹಾಕದ ಕೋಳಿ ನೀರಲ್ಲಿ ಅದ್ದುವವರೂ ಇದ್ದಾರೆ.

ಕಾಳಿದಂಡೆ, ಕಾರವಾರ | ಜುಲೈ 19, ಬೆಳಿಗ್ಗೆ 9:10

ತಂಗಿಯನ್ನು ಕೇಳಿದೆ. “ಉಂಡೆಯ ಹಾಸಿಗೆ ಕೊಡುತ್ತೇನೆ, ಉಂಡೆಗೆ ವಿಷಯ ಗೊತ್ತಾಗಬಾರದು” ಎಂದಳು. ಒಂದು ಪ್ಯಾಕೆಟ್ ಗೋಡಂಬಿ ಲಂಚ. ನನಗಲ್ಲ, ಉಂಡೆಗೆ.

ಕಾಳಿದಂಡೆ, ಕಾರವಾರ | ಜುಲೈ 26, ರಾತ್ರಿ 11:50

ಹೊಡೆಯಿತು!! ಹೊಡೆದು ಸುತ್ತಿಕೊಂಡಿತು! ಸಂತೋಷಕ್ಕೆ ನಾನು “ಅಮ್ಮಾ” ಎಂದು ಕೂಗಿದೆ, ತಂಗಿ ಓಡಿ ಬಂದು ಲೈಟ್ ಹಾಕಿದಳು, ಬಿಟ್ಟುಬಿಟ್ಟಿತು. ಒಳಗೆ ಹೋಯಿತು.

ಸೀದಾಮಾತು, ಭಟ್ಕಳ | ಜುಲೈ 26, ರಾತ್ರಿ 11:53

ಹಾವಿಗೆ ಅಲ್ಲ, ನಿಮಗೆ ತರಬೇತಿ ಬೇಕು.

ಹಳೇಬಂದರು, ಹೊನ್ನಾವರ | ಜುಲೈ 27, ಬೆಳಿಗ್ಗೆ 6:45

ಮೊದಲ ಸಲ ಸೀದಾಮಾತು ಹೇಳಿದ್ದು ಒಪ್ಪಿದೆ. ಸುತ್ತಿಕೊಂಡ ಮೇಲೆ ಉಸಿರು ಬಿಡಬಾರದು ಮಾರಾಯ. ಇಕ್ಕಳದಲ್ಲಿ ಇಲಿಯ ಬಾಲ ಸಣ್ಣಗೆ ಎರಡು ಸಲ ಜಗ್ಗಿದರೆ ಇನ್ನೂ ಜೀವ ಇದೆ ಎಂದುಕೊಂಡು ಬಿಗಿ ಹಿಡಿಯುತ್ತದೆ. ಆಮೇಲೆ ಇಕ್ಕಳ ಬಿಟ್ಟು, ಮೆಲ್ಲ ಹಿಂದೆ ಸರಿ. ಮತ್ತೆ ಎಂಟು ದಿನ.

ಪುಟ್ಟಗೌರಿ, ಯಲ್ಲಾಪುರ | ಜುಲೈ 27, ಬೆಳಿಗ್ಗೆ 8:00

ನಾನು ದಿನಾ ಬೆಳಿಗ್ಗೆ ಎದ್ದು ಮೊದಲು ಇದನ್ನೇ ನೋಡುತ್ತಿದ್ದೇನೆ. ನನಗೆ ಹಾವು ಎಂದರೆ ಮೈ ಜುಮ್ಮೆನ್ನುತ್ತದೆ. ಆದರೂ ತಿನ್ನಲಿ ಅನಿಸುತ್ತದೆ.

ತೋಟದಮನೆ, ಶಿರಸಿ | ಜುಲೈ 31, ರಾತ್ರಿ 7:30

ಫ್ರಿಜ್ಜು ಇವತ್ತು ಅಡಿಕೆ ಲಾರಿಯಲ್ಲಿ ಹಾಕಿ ಕಳಿಸಿದ್ದೇನೆ, ಯಲ್ಲಾಪುರ ದಾರಿಯಲ್ಲಿ. ಘಟ್ಟದ ಮಾತು ಯಾರೂ ಎತ್ತಬೇಡಿ. ಬೀಗದ ಕೈ ಬಾಗಿಲ ಹಿಂದೆ ಅಂಟಿಸಿದೆ.

ಕಾಳಿದಂಡೆ, ಕಾರವಾರ | ಆಗಸ್ಟ್ 4, ಬೆಳಗಿನ ಜಾವ 1:20

ತಿಂದಿತು.

ರಾತ್ರಿ ಹತ್ತೂವರೆಗೆ ಕರೆಂಟ್ ಹೋಯಿತು. ಇವತ್ತು ಬೇಡ ಎಂದುಕೊಂಡೆ. ಆದರೆ ಇಲಿ ಕರಗಿಯಾಗಿತ್ತು. ಗ್ಯಾಸಿನ ಮೇಲೆ ನೀರು ಕಾಯಿಸಿ, ಅಕ್ಕ ಕಳಿಸಿದ 30 ಗ್ರಾಮಿನ ಇಲಿಯನ್ನು ಉಂಡೆಯ ಹೊಟ್ಟಿನ ಜೊತೆ ಚೀಲದಲ್ಲಿ ಹಾಕಿ, ಕೈಗೆ ಬಿಸಿ ತಾಗುವಷ್ಟು ಮಾಡಿದೆ. ಮೊಬೈಲ್ ಟಾರ್ಚ್‌ನ್ನು ಗೋಡೆ ಕಡೆ ತಿರುಗಿಸಿ ಇಟ್ಟೆ. ಕುಂಡದ ಬಾಯಲ್ಲಿ ತಲೆ ಮಾತ್ರ ಕಾಣುತ್ತಿತ್ತು, ಕತ್ತು ಎಸ್ ಆಕಾರಕ್ಕೆ ಮಡಚಿತ್ತು. ಬದಿಯಿಂದ ನೆಲಕ್ಕೆ ತಾಗಿಸಿ ಎಳೆದೆ. ಕಾಣಿಸಲೇ ಇಲ್ಲ, ಠಕ್ ಎಂದು ಇಕ್ಕಳ ಕೈಯಲ್ಲಿ ಅಲುಗಿತು ಅಷ್ಟೆ. ಎರಡು ಸುತ್ತು ಹಾಕಿ ಒಳಗೆ ಎಳೆದುಕೊಂಡಿತು. ಬಾಲ ಎರಡು ಸಲ ಜಗ್ಗಿದೆ, ಬಿಟ್ಟೆ. ಉಸಿರು ಬಿಡಲಿಲ್ಲ, ಸತ್ಯವಾಗಿ.

ಹತ್ತು ನಿಮಿಷ ಏನೂ ಇಲ್ಲ. ಹೊರಗೆ ಮಳೆ ಹಂಚಿನ ಮೇಲೆ ಹುಯ್ಯುತ್ತಿತ್ತು. ಆಮೇಲೆ ಸುತ್ತು ಸಡಿಲ ಮಾಡಿ, ಮೂತಿಯಲ್ಲಿ ಇಲಿಯ ಮೈಯೆಲ್ಲ ತಡಕಿ, ತಲೆ ಹುಡುಕಿತು. ದವಡೆ ಒಂದು ಬದಿ ಮುಂದೆ, ಆಮೇಲೆ ಇನ್ನೊಂದು ಬದಿ, ನಡೆದುಕೊಂಡು ಹೋದ ಹಾಗೆ. ಕೊನೆಗೆ ಗುಲಾಬಿ ಬಾಲ ಒಂದು ಬಾಯಿಯ ಬದಿಯಿಂದ ಇಳಿಬಿದ್ದಿತ್ತು, ಅದೂ ಹೋಯಿತು. ಒಂದು ಸಲ ದೊಡ್ಡದಾಗಿ ಆಕಳಿಸಿತು.

ತಿರುಗಿ ನೋಡಿದರೆ ಬಾಗಿಲಲ್ಲಿ ಅಮ್ಮ, ಮೇಣದ ಬತ್ತಿ ಅಂಗೈಯಲ್ಲಿ ಮರೆ ಮಾಡಿಕೊಂಡು ನಿಂತಿದ್ದಾರೆ. ಎಷ್ಟು ಹೊತ್ತಿನಿಂದ ಇದ್ದರೋ. “ನುಂಗಿತಾ?” ಎಂದರು. ಹೂಂ ಎಂದೆ. “ಪಾಪ, ಎಷ್ಟು ದಿನದ ಹಸಿವೋ” ಎಂದರು. ಆಮೇಲೆ, “ನಾಳೆ ಆ ಫ್ರೀಜರ್ ಬಿಸಿನೀರು ಹಾಕಿ ತೊಳೆದುಕೊಡು.”

ಹಳೇಬಂದರು, ಹೊನ್ನಾವರ | ಆಗಸ್ಟ್ 4, ಬೆಳಿಗ್ಗೆ 6:10

ಎರಡು ದಿನ ಮುಟ್ಟಬೇಡ. ಎಂಟು ದಿನ ಬಿಟ್ಟು ಇನ್ನೊಂದು 30 ಗ್ರಾಂ. ಮೂರು ಸಲ ಸರಿಯಾಗಿ ತಿಂದ ಮೇಲೆ ದೊಡ್ಡದು, ಉಂಡೆಯ ಹೊಟ್ಟು ಆಮೇಲೆ ಕಡಿಮೆ ಮಾಡಿಕೊಂಡು ಬಾ.

ಪುಟ್ಟಗೌರಿ, ಯಲ್ಲಾಪುರ | ಆಗಸ್ಟ್ 4, ಬೆಳಿಗ್ಗೆ 6:30

ಅಬ್ಬ!

ತೋಟದಮನೆ, ಶಿರಸಿ | ಆಗಸ್ಟ್ 4, ಬೆಳಿಗ್ಗೆ 6:55

ಫ್ರಿಜ್ಜು ಐಸ್ ಕಟ್ಟುತ್ತಿದೆಯಾ? ಮತ್ತೆ ಇಲ್ಲಿ ಡ್ರೈಯರ್ ವಿಷಯ ಅಕ್ಕನಿಗೆ ಹೇಳಿದವರು ಯಾರು?

ಬಂಗಡೆಭಕ್ತ, ಅಂಕೋಲಾ | ಆಗಸ್ಟ್ 4, ಬೆಳಿಗ್ಗೆ 7:20

ಕಾರವಾರದಲ್ಲಿ ಬೋಟ್ ಬಂತಾ? ಬಂಗಡೆ ನೂರಕ್ಕೆ ಎಷ್ಟು ಕೊಡುತ್ತಿದ್ದಾರೆ?